ಬಿಸಿ ಬೆಣ್ಣೆಗೆ ಬಾಯಿ ಬಿಡುವ ಪುಡಿ

ಕೋಕೋ ಪುಡಿಯ ಡಬ್ಬಿ ತೆರೆದು ಮೂಗಿನ ಹತ್ತಿರ ಹಿಡಿದರೆ ಬರುವ ವಾಸನೆ ಹೇಳಿಕೊಳ್ಳುವಂಥದ್ದೇನಲ್ಲ. ಒಣಗಿದ ಮಣ್ಣು, ಹಳೆಯ ಮರದ ಪೆಟ್ಟಿಗೆ, ಅದರ ಹಿಂದೆಲ್ಲೋ ಚಾಕೊಲೇಟಿನ ನೆನಪು. ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ನಾಲಿಗೆಗೆ ಇಟ್ಟರೆ ಕಹಿ, ಒಗರು. ಬಾಯಿ ಒಣಗಿ ಬರುತ್ತದೆ. ಅದೇ ಪುಡಿಯ ಮೇಲೆ ಆಗಷ್ಟೇ ಒಲೆಯಿಂದ ಇಳಿಸಿದ ಬೆಣ್ಣೆಯನ್ನು ಸುರಿದು ನೋಡಿ. ಒಂದು ಗಳಿಗೆ ಏನೂ ಆಗುವುದಿಲ್ಲ. ಪುಡಿ ಒದ್ದೆಯಾಗಲು ಒಪ್ಪದೆ ಬೆಣ್ಣೆಯ ಮೇಲೆ ತೇಲುತ್ತಿರುತ್ತದೆ. ಚಮಚ ಹಾಕಿ ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಮಾಸಲು ಕಂದು ಬಣ್ಣ ಕಪ್ಪಿಗೆ ತಿರುಗುತ್ತದೆ, ಮೇಲೊಂದು ಹೊಳಪು ಹರಡುತ್ತದೆ, ಇಷ್ಟು ಹೊತ್ತು ಎಲ್ಲಿ ಅಡಗಿತ್ತೋ ಎನ್ನಿಸುವಂತೆ ಪರಿಮಳ ಭುಗಿಲೆಂದು ಏಳುತ್ತದೆ. ಪಕ್ಕದ ಕೋಣೆಯಲ್ಲಿದ್ದವರು ಎದ್ದು ಬರುತ್ತಾರೆ. ನಾನು ಬ್ರೌನಿ, ಅಂದರೆ ತಟ್ಟೆಯಲ್ಲಿ ಬೇಯಿಸಿ ತುಂಡು ಮಾಡುವ ಮೆತ್ತನೆಯ ಚಾಕೊಲೇಟ್ ಸಿಹಿ, ಮಾಡಲು ಶುರುಮಾಡಿ 15 ವರ್ಷಗಳಾದವು. ಈ ಒಂದು ಗಳಿಗೆಗಾಗಿ ಇಂದಿಗೂ ಕಾಯುತ್ತೇನೆ.

ಮೊದಲ ಐದಾರು ವರ್ಷ ನಾನು ಈ ಪುಡಿಯನ್ನು ಬ್ರೌನಿಯ ಹತ್ತಿರಕ್ಕೂ ಸೇರಿಸಿರಲಿಲ್ಲ. ಒಳ್ಳೆಯ ಬ್ರೌನಿ ಬೇಕೆಂದರೆ ಒಳ್ಳೆಯ ಚಾಕೊಲೇಟ್ ಗಟ್ಟಿ ತರಬೇಕು, ಚೂರು ಮಾಡಿ ಬಿಸಿನೀರಿನ ಪಾತ್ರೆಯ ಮೇಲಿಟ್ಟು ತಾಳ್ಮೆಯಿಂದ ಕರಗಿಸಬೇಕು ಎಂದು ನಂಬಿದ್ದೆ. ಪುಡಿ ಇರುವುದು ಬಿಸಿ ಹಾಲಿಗೆ ಬೆರೆಸುವುದಕ್ಕೆ, ಕೇಕಿನ ಮೇಲೆ ಉದುರಿಸುವುದಕ್ಕೆ. ಅದನ್ನು ಬ್ರೌನಿಗೆ ಹಾಕುವುದು ಗಟ್ಟಿ ಸಿಗದಿದ್ದಾಗ ಮಾಡಿಕೊಳ್ಳುವ ಬದಲಿ ಏರ್ಪಾಡು. ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಯಾವಾಗಲೋ ಮನಸ್ಸಿನಲ್ಲಿ ಕೂತ ನಂಬಿಕೆ, ಪರೀಕ್ಷಿಸದೆ ಇಟ್ಟುಕೊಂಡಿದ್ದೆ.

ಮಗಳಿಗೆ ಆಗ 11 ವರ್ಷ. ಮರುದಿನ ಅವಳಿಗೆ ಪರೀಕ್ಷೆ, ರಾತ್ರಿ ಎಂಟಾದರೂ ಹೊಟ್ಟೆಯ ತಳಮಳ ಇಳಿದಿರಲಿಲ್ಲ. ಬ್ರೌನಿ ಮಾಡೋಣವೇ ಎಂದು ಅವಳೇ ಕೇಳಿದಳು. ಕಪಾಟಿನಲ್ಲಿ ಚಾಕೊಲೇಟ್ ಇರಲಿಲ್ಲ. ಅರ್ಧ ಡಬ್ಬಿ ಕೋಕೋ ಪುಡಿ ಇತ್ತು. ಅವಳ ಮನಸ್ಸು ಬೇರೆಡೆ ಹೊರಳಿದರೆ ಸಾಕು, ರುಚಿ ಹೇಗಾದರೂ ಇರಲಿ ಎಂದುಕೊಂಡು ಕೈ ಹಾಕಿದೆ. ಬೆಣ್ಣೆ ಕರಗಿಸಿ ಪುಡಿಯ ಮೇಲೆ ಸುರಿದಾಗ ಎದ್ದ ಪರಿಮಳಕ್ಕೆ ಇಬ್ಬರೂ ಒಟ್ಟಿಗೆ ತಲೆ ಎತ್ತಿದೆವು. ಒಂದೂವರೆ ಗಂಟೆಯ ನಂತರ, ಇನ್ನೂ ಪೂರ್ತಿ ಆರದ ತುಂಡನ್ನು ಬಾಯಿಗೆ ಹಾಕಿಕೊಂಡಾಗ ನನಗೆ ಅರ್ಥವಾಗಲಿಲ್ಲ. ಇದುವರೆಗೆ ನಾನು ಗಟ್ಟಿ ಕರಗಿಸಿ ಮಾಡಿದ ಎಲ್ಲ ಬ್ರೌನಿಗಳಿಗಿಂತ ಇದರಲ್ಲಿ ಚಾಕೊಲೇಟಿನ ರುಚಿ ಹೆಚ್ಚಾಗಿತ್ತು. ನಡುಭಾಗ ಇನ್ನೂ ಮೃದುವಾಗಿತ್ತು. ಬದಲಿ ಎಂದುಕೊಂಡಿದ್ದದ್ದು ಮೂಲವನ್ನು ಮೀರಿಸಿತ್ತು. ಇದು ಹೇಗಾಯಿತು ಎಂಬ ಪ್ರಶ್ನೆ ಆಮೇಲೆ ನನ್ನನ್ನು ಬಿಡಲಿಲ್ಲ.

ಉತ್ತರ ಬೀಜದಲ್ಲೇ ಇದೆ. ಕೋಕೋ ಕಾಯಿ ಮರದ ಕಾಂಡಕ್ಕೇ ಅಂಟಿಕೊಂಡು ಬಿಡುತ್ತದೆ. ಒಡೆದರೆ ಒಳಗೆ ಬಿಳಿಯ ಹುಳಿಸಿಹಿ ತಿರುಳು, ಅದರಲ್ಲಿ ಹುದುಗಿದ 30ರಿಂದ 40 ಬೀಜಗಳು. ಆ ಬೀಜಗಳನ್ನು ತಿರುಳಿನ ಸಮೇತ ರಾಶಿ ಹಾಕಿ ಐದಾರು ದಿನ ಹುದುಗಲು ಬಿಡುತ್ತಾರೆ, ಆಮೇಲೆ ಒಣಗಿಸುತ್ತಾರೆ, ಹುರಿಯುತ್ತಾರೆ. ಹುದುಗದ ಬೀಜವನ್ನು ಎಷ್ಟೇ ಹುರಿದರೂ ಚಾಕೊಲೇಟಿನ ಪರಿಮಳ ಬರುವುದಿಲ್ಲ. ಹೀಗೆ ಹದಕ್ಕೆ ಬಂದ ಬೀಜದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಕೊಬ್ಬು. ಅದೇ ಕೋಕೋ ಬೆಣ್ಣೆ. 1828ರಲ್ಲಿ ನೆದರ್ಲೆಂಡ್ಸ್‌ನ ವಾನ್ ಹೌಟೆನ್ ಮನೆತನದವರು ಅರೆದ ಬೀಜವನ್ನು ಯಂತ್ರದಲ್ಲಿ ಒತ್ತಿ ಈ ಕೊಬ್ಬಿನ ಬಹುಪಾಲನ್ನು ಹಿಂಡಿ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಕೊಬ್ಬು ಹೋದ ಮೇಲೆ ಉಳಿದ ಗಟ್ಟಿ ಬಿಲ್ಲೆಯನ್ನು ಪುಡಿ ಮಾಡಿದರೆ ಕೋಕೋ ಪುಡಿ.

ಎಣ್ಣೆ ತೆಗೆದ ಮೇಲೆ ಉಳಿಯುವುದಕ್ಕೆ ನಮ್ಮ ಮಾತಿನಲ್ಲಿ ಹಿಂಡಿ ಎಂಬ ಹೆಸರಿದೆ. ಕೋಕೋ ಪುಡಿ ಎಂದರೆ ಕೋಕೋ ಬೀಜದ ಹಿಂಡಿ. ಹಿಂಡಿ ಎಂದ ಕೂಡಲೇ ಸಾರ ಹೋಗಿ ಉಳಿದದ್ದು ಎಂಬ ಭಾವ ಬರುತ್ತದೆ. ನನ್ನ ಹಳೆಯ ತಾತ್ಸಾರದ ಬೇರೂ ಅಲ್ಲೇ ಇದ್ದಿರಬೇಕು. ಆದರೆ ಇಲ್ಲಿ ಲೆಕ್ಕ ತಲೆಕೆಳಗು. ಯಂತ್ರದಿಂದ ಹರಿದು ಹೋಗುವ ಕೋಕೋ ಬೆಣ್ಣೆಗೆ ಕಹಿಯಿಲ್ಲ, ಬಣ್ಣವಿಲ್ಲ, ಇರುವುದು ನವಿರಾದ ಒಂದು ವಾಸನೆ ಮಾತ್ರ. ಬಿಳಿ ಚಾಕೊಲೇಟ್ ತಿಂದವರಿಗೆ ಅದು ಗೊತ್ತು. ಅದರಲ್ಲಿ ಬೀಜದಿಂದ ಬಂದಿರುವುದು ಈ ಕೊಬ್ಬೊಂದೇ. ಕಹಿ, ಕಪ್ಪು, ಹುರಿದ ಘಮ, ಹುದುಗಿನ ಹುಳಿ, ಅಂದರೆ ನಾವು ಚಾಕೊಲೇಟ್ ಎಂದು ಕರೆಯುವ ರುಚಿಯೆಲ್ಲ ಉಳಿದಿರುವುದು ಹಿಂಡಿಯಲ್ಲಿ.

ಒಂದು ಸಣ್ಣ ಲೆಕ್ಕ ಹಾಕಿದೆ. ಗಟ್ಟಿಯ ಹೊದಿಕೆಯ ಮೇಲೆ ಕೋಕೋ 55% ಎಂದಿದ್ದರೆ ಉಳಿದದ್ದು ಬಹುಪಾಲು ಸಕ್ಕರೆ. ಆ 55ರಲ್ಲೂ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಕೋಕೋ ಬೆಣ್ಣೆಯೇ. ಹಾಗಾಗಿ ಅಂಥ 200 ಗ್ರಾಂ ಗಟ್ಟಿಯನ್ನು ಕರಗಿಸಿದರೂ ಕೊಬ್ಬಿಲ್ಲದ ನಿಜವಾದ ಕೋಕೋ ಸಿಗುವುದು 55 ಗ್ರಾಂ ಒಳಗೆ. 75 ಗ್ರಾಂ ಪುಡಿ ಹಾಕಿದರೆ ಅದು 60 ಗ್ರಾಂ ಆಸುಪಾಸಿಗೆ ಬರುತ್ತದೆ. ಆ ರಾತ್ರಿ ನನ್ನ ನಾಲಿಗೆ ತಪ್ಪಿರಲಿಲ್ಲ.

ಮೃದುತನದ ಕಾರಣ ಇನ್ನೂ ಸೊಗಸಾಗಿದೆ. ಕೋಕೋ ಬೆಣ್ಣೆ ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾಗಿ, ಮುರಿದರೆ ಟಕ್ ಎನ್ನುವಂತಿರುತ್ತದೆ. ಸುಮಾರು 34 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಒಮ್ಮೆಲೇ ಕರಗುತ್ತದೆ. ಚಾಕೊಲೇಟ್ ಬಾಯಲ್ಲಿ ಕರಗುವ ಸುಖವೆಲ್ಲ ಇದರಿಂದಲೇ. ಆದರೆ ಬ್ರೌನಿ ಆರಿದ ಮೇಲೆ ಅದೇ ಕೊಬ್ಬು ಒಳಗೆ ಮತ್ತೆ ಬಿಗಿದುಕೊಳ್ಳುತ್ತದೆ. ಹಾಲಿನ ಬೆಣ್ಣೆ ಹಾಗಲ್ಲ, ಕೋಣೆಯಲ್ಲಿಟ್ಟರೆ ಬೆರಳು ಒತ್ತಿದ ಕಡೆ ಕುಳಿ ಬೀಳುವಷ್ಟು ಮೆತ್ತಗಿರುತ್ತದೆ. ಕೋಕೋ ಪುಡಿಯ ಬ್ರೌನಿಯಲ್ಲಿ ಕೊಬ್ಬಿನ ಬಹುಭಾಗ ಈ ಬೆಣ್ಣೆಯೇ ಆದ್ದರಿಂದ ನಡುಭಾಗ ಮೆದುವಾಗಿಯೇ ಉಳಿಯುತ್ತದೆ. ಹೋದ ಕೊಬ್ಬಿನ ಜಾಗದಲ್ಲಿ ನಮಗೆ ಬೇಕಾದ ಕೊಬ್ಬನ್ನು, ಬೇಕಾದಷ್ಟೇ ಸಕ್ಕರೆಯನ್ನು ಕೂರಿಸುವ ಸ್ವಾತಂತ್ರ್ಯವನ್ನು ಈ ಪುಡಿ ಕೊಡುತ್ತದೆ. ಹಳೆಯ ಅಡುಗೆಯವರ ಒಂದು ಅಂದಾಜಿದೆ: ಸಿಹಿಯಿಲ್ಲದ ಚಾಕೊಲೇಟ್ 28 ಗ್ರಾಂ ಬೇಕಾದ ಕಡೆ ಮೂರು ದೊಡ್ಡ ಚಮಚ ಕೋಕೋ, ಒಂದು ದೊಡ್ಡ ಚಮಚ ಬೆಣ್ಣೆ. ಅದನ್ನು ನಾನು ಬದಲಿಯ ಸೂತ್ರವೆಂದು ಓದಿಕೊಂಡಿದ್ದೆ. ಈಗ ಅದು ಚಾಕೊಲೇಟನ್ನು ಬಿಡಿಸಿ ಮತ್ತೆ ಜೋಡಿಸುವ ಸೂತ್ರದಂತೆ ಕಾಣುತ್ತದೆ.

ಪುಡಿಯಲ್ಲಿ ಎರಡು ಬಗೆ. ಒಂದು ಸಹಜವಾದದ್ದು: ತುಸು ಹುಳಿ, ಬಣ್ಣ ತಿಳಿ, ರುಚಿ ಚುರುಕು. ಇನ್ನೊಂದು ಕ್ಷಾರದಲ್ಲಿ ಹದ ಮಾಡಿದ ಡಚ್ ಕೋಕೋ. ಇದೂ ವಾನ್ ಹೌಟೆನ್ ಮನೆಯದೇ ವಿದ್ಯೆ. ಹುಳಿ ಸತ್ತು, ಒಗರು ಇಳಿದು, ಬಣ್ಣ ಗಾಢವಾಗುತ್ತದೆ. ಅಡಿಗೆ ಸೋಡಾ ಹಾಕುವ ಕೇಕಿನಲ್ಲಿ ಒಂದರ ಕಡೆ ಇನ್ನೊಂದನ್ನು ಹಾಕಿದರೆ ಎಡವಟ್ಟಾಗಬಹುದು, ಏಕೆಂದರೆ ಸೋಡಾ ಉಬ್ಬಲು ಹುಳಿ ಬೇಕು. ನನ್ನ ಬ್ರೌನಿಗೆ ಸೋಡಾವೂ ಇಲ್ಲ, ಬೇಕಿಂಗ್ ಪೌಡರೂ ಇಲ್ಲ. ಹಾಗಾಗಿ ಯಾವುದಾದರೂ ನಡೆಯುತ್ತದೆ. ಡಚ್ ಕೋಕೋದ ಕಪ್ಪು ಕಣ್ಣಿಗೆ ಹಬ್ಬ. ಆದರೂ ನನ್ನ ಮನಸ್ಸು ಸಹಜ ಕೋಕೋದ ಕಡೆಗೇ. ಇಷ್ಟೊಂದು ಬೆಣ್ಣೆ ಸಕ್ಕರೆಯ ನಡುವೆ ಆ ಸಣ್ಣ ಹುಳಿ ಇದ್ದರೆ ಎರಡನೆಯ ತುತ್ತೂ ಮೊದಲನೆಯದರಷ್ಟೇ ಸ್ಪಷ್ಟವಾಗಿರುತ್ತದೆ. ಪುಡಿ ಕೊಳ್ಳುವಾಗ ಕೊಬ್ಬಿನ ಅಂಶವನ್ನು ನೋಡಿ. ಕೆಲವದರಲ್ಲಿ 10ರಿಂದ 12%, ಕೆಲವದರಲ್ಲಿ 20% ದಾಟಿರುತ್ತದೆ. ಎರಡನೆಯದು ಸಿಕ್ಕರೆ ಬಿಡಬೇಡಿ. ಸಕ್ಕರೆ ಬೆರೆಸಿದ ಪಾನೀಯದ ಪುಡಿ ಮಾತ್ರ ಇದಕ್ಕೆ ಆಗುವುದಿಲ್ಲ.

ನನ್ನ ಅಳತೆ ಇದು. ಬೆಣ್ಣೆ 150 ಗ್ರಾಂ, ಕೋಕೋ ಪುಡಿ 75 ಗ್ರಾಂ, ಸಕ್ಕರೆ 225 ಗ್ರಾಂ, ಎರಡು ಇಡೀ ಮೊಟ್ಟೆ ಮತ್ತು ಇನ್ನೊಂದರ ಹಳದಿ, ಮೈದಾ 65 ಗ್ರಾಂ, ಕಾಲು ಚಮಚ ಉಪ್ಪು, ಒಂದು ಚಮಚ ವೆನಿಲಾ. 20 ಸೆಂಟಿಮೀಟರ್ ಚೌಕದ ಲೋಹದ ತಟ್ಟೆ, ಒಳಗೆ ಬೆಣ್ಣೆ ಕಾಗದ. ಮೈದಾ ಇಷ್ಟೇಯೇ ಎಂದು ಎಲ್ಲರೂ ಕೇಳುತ್ತಾರೆ. ಇಷ್ಟೇ. ಕೋಕೋದಲ್ಲೇ ಪಿಷ್ಟವಿದೆ, ಅದೂ ತೇವ ಹೀರುತ್ತದೆ; ಮೈದಾ ಕೈಮೀರಿದರೆ ಬ್ರೌನಿ ಹೋಗಿ ಒಣ ಕೇಕ್ ಬರುತ್ತದೆ. ಉಪ್ಪನ್ನು ಬಿಡಬೇಡಿ, ಕಹಿಯ ಮೊನಚನ್ನು ಇಳಿಸುವುದು ಅದೇ.

ಪುಡಿಯನ್ನು ಜರಡಿ ಹಿಡಿಯದಿದ್ದರೆ ಗಂಟುಗಳು ಕೊನೆಯವರೆಗೂ ಕಾಡುತ್ತವೆ. ಉಪ್ಪು ಸೇರಿಸಿ, ಬಿಸಿ ಬೆಣ್ಣೆ ಸುರಿದು, ಕಲಕಿ, ಪಕ್ಕಕ್ಕಿಡುತ್ತೇನೆ. ಪರಿಮಳದ ಎಷ್ಟೋ ಅಂಶಗಳು ಕೊಬ್ಬಿನಲ್ಲಿ ಕರಗುವಂಥವು. ಬಿಸಿ ಕೊಬ್ಬು ಪುಡಿಯ ಕಣಕಣಕ್ಕೂ ಇಳಿದಾಗ ಅವು ಹೊರಗೆ ಬರುತ್ತವೆ. ತಣ್ಣನೆಯ ಹಿಟ್ಟಿಗೆ ಪುಡಿಯನ್ನು ಹಾಗೇ ಸುರಿದವರಿಗೆ ಈ ಭಾಗ್ಯ ಅಷ್ಟಾಗಿ ಸಿಗುವುದಿಲ್ಲ. ಬೆಣ್ಣೆ ಉಗುರುಬೆಚ್ಚಗಾಗುವವರೆಗೆ ಇನ್ನೊಂದು ಬಟ್ಟಲಿನಲ್ಲಿ ಮೊಟ್ಟೆ ಮತ್ತು ಸಕ್ಕರೆಯ ಕೆಲಸ.

ಈ ಕೆಲಸದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಬ್ರೌನಿಯ ಮೇಲಿನ ಆ ಹೊಳೆಯುವ ಪೊರೆ ಹುಟ್ಟುವುದು ಇಲ್ಲಿ. ಕಾಗದದಷ್ಟು ತೆಳುವಾದ, ಚಾಕು ತಾಗಿದರೆ ಚೂರುಚೂರಾಗುವ ಪೊರೆ. ಎಷ್ಟೋ ತಿಂಗಳು ಅದು ನನಗೆ ಒಲಿದಿರಲಿಲ್ಲ. ಗಟ್ಟಿ ಕರಗಿಸಿ ಮಾಡುತ್ತಿದ್ದಾಗ ತಾನಾಗಿ ಬರುತ್ತಿದ್ದದ್ದು ಪುಡಿಗೆ ಬಂದ ಮೇಲೆ ಮಾಯವಾಗಿತ್ತು. ಮೇಲ್ಮೈ ಮಂಕಾಗಿ, ಸುಣ್ಣ ಬಳಿಯದ ಗೋಡೆಯಂತೆ ಕಾಣುತ್ತಿತ್ತು. ಕಾರಣ ಸಕ್ಕರೆ. ಚಾಕೊಲೇಟ್ ಗಟ್ಟಿಯಲ್ಲಿರುವ ಸಕ್ಕರೆಯನ್ನು ನಾಲಿಗೆಗೆ ತಿಳಿಯದಷ್ಟು ನುಣ್ಣಗೆ ಮೊದಲೇ ಅರೆದಿರುತ್ತಾರೆ. ನಾನು ಹಾಕುವ ಸಕ್ಕರೆ ಹರಳು. ಕೊಬ್ಬಿನಲ್ಲಿ ಸಕ್ಕರೆ ಕರಗುವುದಿಲ್ಲ. ಅದಕ್ಕೆ ನೀರು ಬೇಕು, ಈ ಹಿಟ್ಟಿನಲ್ಲಿ ನೀರು ಇರುವುದು ಬಹುತೇಕ ಮೊಟ್ಟೆಯಲ್ಲೇ. ಆದ್ದರಿಂದ ಬೇರೇನೂ ಸೇರುವ ಮೊದಲೇ ಇವೆರಡಕ್ಕೂ ಸಮಯ ಕೊಡಬೇಕು.

ಎರಡನ್ನೂ ಸೇರಿಸಿ ನೊರೆಬರುವಂತೆ ಬೀಸಲು ಯಂತ್ರವಾದರೆ ನಾಲ್ಕೈದು ನಿಮಿಷ, ಕೈಯಾದರೆ ಅದರ ಎರಡರಷ್ಟು. ಮೊದಲು ಗಾಢ ಹಳದಿಯಾಗಿ, ಮರಳು ಮರಳಾಗಿ ಇರುತ್ತದೆ. ಬರಬರುತ್ತಾ ಬಣ್ಣ ತೆಳುವಾಗುತ್ತದೆ, ನೊರೆ ಸಣ್ಣದಾಗುತ್ತದೆ, ಎತ್ತಿ ಬಿಟ್ಟರೆ ರಿಬ್ಬನ್ನಿನಂತೆ ಇಳಿದು ಒಂದು ಗಳಿಗೆ ಗೆರೆಯಾಗಿ ನಿಂತು ಆಮೇಲೆ ಮುಳುಗುತ್ತದೆ. ಕಣ್ಣು ಇಲ್ಲಿ ಸಾಲದು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಹನಿ ತೆಗೆದುಕೊಂಡು ಉಜ್ಜಿ ನೋಡುತ್ತೇನೆ. ಹರಳು ಸಿಕ್ಕರೆ ಇನ್ನೂ ಬೀಸಬೇಕು. ಅಲ್ಲೊಂದು ಇಲ್ಲೊಂದು ಸಿಕ್ಕರೆ ಇನ್ನೊಂದು ನಿಮಿಷ. ಬೆರಳುಗಳು ರೇಷ್ಮೆಯ ಮೇಲೆ ಜಾರಿದಂತೆ ಜಾರಿದರೆ ಹದ ಬಂದಿತು. ಓವನ್ನಿನ ಬಿಸಿಗೆ ಮೇಲ್ಪದರದ ತೇವ ಆರಿದಾಗ, ಕರಗಿದ ಈ ಸಕ್ಕರೆ ಮೊಟ್ಟೆಯೊಂದಿಗೆ ಸೇರಿ ಗಾಜಿನಂತೆ ಒಣಗಿ ಪೊರೆಯಾಗುತ್ತದೆ.

ಆಮೇಲೆ ಕೋಕೋ ಪುಡಿ ಮತ್ತು ಬೆಣ್ಣೆಯ ಮಿಶ್ರಣವನ್ನು ಇದಕ್ಕೆ ಇಳಿಸುವುದು. ಹಳದಿಯಲ್ಲಿ ಕಪ್ಪು ಎಳೆಗಳು ಸುಳಿಸುಳಿಯಾಗಿ ಹರಡಿ, ಕೊನೆಗೆ ಹಳದಿ ಪೂರ್ತಿ ಮುಳುಗುವವರೆಗೆ ಮೆಲ್ಲಗೆ ಮಡಚುತ್ತೇನೆ. ವೆನಿಲಾ. ಕೊನೆಯಲ್ಲಿ ಮೈದಾ, ಬಿಳಿಯ ಗೆರೆ ಕಣ್ಣಿಗೆ ಬೀಳದಂತಾದ ಕೂಡಲೇ ಕೈ ನಿಲ್ಲಿಸುತ್ತೇನೆ. ತಟ್ಟೆಗೆ ಸುರಿದು, ತಟ್ಟೆಯನ್ನು ಅಡುಗೆಕಟ್ಟೆಯ ಮೇಲೆ ಮೂರು ಸಲ ಕುಟ್ಟುತ್ತೇನೆ. ದೊಡ್ಡ ಗುಳ್ಳೆಗಳು ಒಡೆದು ಹೋಗಲಿ ಎಂದು. ಮಗಳಿಗೆ ಚಿಕ್ಕಂದಿನಿಂದಲೂ ಈ ಮೂರು ಏಟು ತನ್ನ ಕೆಲಸ ಎಂಬ ಹಕ್ಕು.

ಬೇಕಿಂಗ್ ಪೌಡರ್ ಹಾಕಲು ಮರೆತು ಕುಸಿದುಹೋದ ಕೇಕಿನಿಂದ ಬ್ರೌನಿ ಹುಟ್ಟಿತು ಎಂಬ ಕಥೆ ಕೇಳಿರಬಹುದು. ಆ ಕಥೆ ನನಗೆ ರುಚಿಸುವುದಿಲ್ಲ. ಇಷ್ಟು ಎಚ್ಚರ ಬೇಡುವ ಹದವನ್ನು ಮರೆವಿನ ಖಾತೆಗೆ ಬರೆಯಲು ಮನಸ್ಸು ಒಪ್ಪುವುದಿಲ್ಲ. ಶಿಕಾಗೋದ ಪಾಮರ್ ಹೌಸ್ ಹೋಟೆಲು ಬೇರೆಯದೇ ಕಥೆ ಹೇಳಿಕೊಳ್ಳುತ್ತದೆ. 1893ರ ವಿಶ್ವ ಪ್ರದರ್ಶನದ ಸಮಯದಲ್ಲಿ ಹೋಟೆಲಿನ ಒಡೆಯನ ಹೆಂಡತಿ ಬರ್ಥಾ ಪಾಮರ್, ಹೆಂಗಸರು ಊಟದ ಡಬ್ಬಿಯಲ್ಲಿ ಒಯ್ಯಬಹುದಾದ, ಕೈಯಲ್ಲೇ ತಿನ್ನಬಹುದಾದ ಪುಟ್ಟ ಸಿಹಿಯೊಂದನ್ನು ಮಾಡಿಕೊಡುವಂತೆ ಅಡುಗೆಯವರನ್ನು ಕೇಳಿದರಂತೆ. 1906ರ ಹೊತ್ತಿಗೆ ಫ್ಯಾನಿ ಫಾರ್ಮರ್ ಅವರ ಅಡುಗೆ ಪುಸ್ತಕದಲ್ಲಿ ಚಾಕೊಲೇಟ್ ಬ್ರೌನಿ ಸೇರಿಯಾಗಿತ್ತು. ಡಬ್ಬಿಗೆ ಹಾಕಿ ಒಬ್ಬರು ಇನ್ನೊಬ್ಬರಿಗೆ ಕೊಟ್ಟು ಕಳಿಸುವ ತಿಂಡಿ ಎಂಬುದು ನನಗೆ ಸರಿಯೆನಿಸುತ್ತದೆ.

ಓವನ್ 170 ಡಿಗ್ರಿ. 22 ನಿಮಿಷಕ್ಕೆ ಮೊದಲ ಸಲ ನೋಡುತ್ತೇನೆ. ಹೊತ್ತು ಮುಖ್ಯವಾಗುವುದು ಇಲ್ಲಿಂದ. ಕೆಲವು ವರ್ಷಗಳ ಹಿಂದೆ ಆಪ್ತ ಗೆಳತಿಯೊಬ್ಬಳು ಊರು ಬಿಟ್ಟು ಹೊರಟಿದ್ದಳು. ಅವಳ ದಾರಿಗೆಂದು ಎರಡು ತಟ್ಟೆ ಮಾಡಿದೆ. ಹೊಟ್ಟೆ ಕೆಡಬಾರದು, ಚೆನ್ನಾಗಿ ಬೇಯಲಿ ಎಂದು ನಡುವಿಗೆ ಚುಚ್ಚಿದ ಕಡ್ಡಿ ಪೂರ್ತಿ ಸ್ವಚ್ಛವಾಗಿ ಬರುವವರೆಗೆ ಕಾದೆ. ಹೊರಗೆ ತೆಗೆದಾಗ ಚೆನ್ನಾಗಿಯೇ ಕಂಡಿತು. ಆರಿದ ಮೇಲೆ ಕತ್ತರಿಸಿದರೆ ಪುಡಿಪುಡಿ. ಬೇರೆ ಮಾಡಲು ಹೊತ್ತಿರಲಿಲ್ಲ. ಅವಳು ಸಂತೋಷದಿಂದಲೇ ತೆಗೆದುಕೊಂಡು ಹೋದಳು. ನನಗೆ ಮಾತ್ರ ಆ ಡಬ್ಬಿಯ ನೆನಪು ಇಂದಿಗೂ ನೋಯುತ್ತದೆ.

ಬ್ರೌನಿ ಓವನ್ನಿನಿಂದ ಹೊರಬಂದ ಕೂಡಲೇ ಬೇಯುವುದನ್ನು ನಿಲ್ಲಿಸುವುದಿಲ್ಲ. ಕಾದ ಲೋಹ, ಕಾದ ಅಂಚು, ಎರಡೂ ಒಳಕ್ಕೆ ಬಿಸಿ ಕಳಿಸುತ್ತಲೇ ಇರುತ್ತವೆ. ಹಾಗಾಗಿ ಇನ್ನೂ ಸ್ವಲ್ಪ ಬೇಯಬೇಕಿತ್ತಲ್ಲ ಎಂದು ಮನಸ್ಸು ಹಿಂದೆಗೆಯುವಾಗಲೇ ತೆಗೆಯಬೇಕು. ಅಂಚು ತಟ್ಟೆಯಿಂದ ಒಂದು ಕೂದಲೆಳೆ ಬಿಡಿಸಿಕೊಂಡಿರುತ್ತದೆ. ತಟ್ಟೆಯನ್ನು ಅಲುಗಿಸಿದರೆ ನಡುಭಾಗ ನೀರಿನಂತೆ ತುಳುಕಬಾರದು, ತುಸು ಕಂಪಿಸಬೇಕು. ಕಡ್ಡಿ ಚುಚ್ಚಿದರೆ ಹಸಿ ಹಿಟ್ಟು ಅಂಟಿದರೆ ಬೇಗವಾಯಿತು, ಏನೂ ಅಂಟದಿದ್ದರೆ ತಡವಾಯಿತು. ತೇವದ ನಾಲ್ಕು ಚೂರು ಹಿಡಿದುಕೊಂಡು ಬಂದರೆ ಅದೇ ಹೊತ್ತು. ಹತ್ತು ತಟ್ಟೆ ಮಾಡಿದ ಮೇಲೆ ಕಡ್ಡಿಯೂ ಬೇಕಾಗುವುದಿಲ್ಲ, ಪರಿಮಳ ಓವನ್ನಿನಿಂದ ಹೊರಟು ಬಾಗಿಲಿನವರೆಗೆ ಬಂದಾಗ ಎದ್ದು ಹೋಗುತ್ತೇನೆ.

ಬಿಸಿಯಾಗಿ ತಿನ್ನುವ ಆಸೆ ಯಾರಿಗಿಲ್ಲ! ಆದರೂ ಪೂರ್ತಿ ಆರಿಸಿ, ಮುಚ್ಚಿ, ಒಂದು ರಾತ್ರಿ ಬಿಟ್ಟು ನೋಡಿ. ಅಂಚಿನ ಒಣಗು ಮತ್ತು ನಡುವಿನ ಪಸೆ ರಾತ್ರಿಯಿಡೀ ಒಂದಕ್ಕೊಂದು ಹಂಚಿಕೊಂಡು, ಬೆಳಗ್ಗೆ ಕಚ್ಚಿದರೆ ಹಲ್ಲಿಗೆ ಹಿತವಾದ ಜಿಗುಟು ಬಂದಿರುತ್ತದೆ; ಕೋಕೋದ ರುಚಿಯೂ ಬಿಸಿಯಲ್ಲಿದ್ದಾಗಿನ ಗದ್ದಲ ಕಳೆದು ಆಳಕ್ಕೆ ಇಳಿದಿರುತ್ತದೆ. ಪೊರೆ ಮಾತ್ರ ರಾತ್ರಿ ಕಳೆದರೆ ಸ್ವಲ್ಪ ಮೆತ್ತಗಾಗುತ್ತದೆ. ಎರಡೂ ಬೇಕೆಂದರೆ ಆಗುವುದಿಲ್ಲ. ಮೊದಲ ದಿನ ಪೊರೆಗಾಗಿ ಒಂದು ತುಂಡು, ಎರಡನೆಯ ದಿನ ಉಳಿದದ್ದು, ಹೀಗೆ ನಮ್ಮಲ್ಲಿ ಒಪ್ಪಂದವಾಗಿತ್ತು. ಅಂಚಿನ ತುಂಡು ಮಗಳದು, ನಡುವಿನದು ನನ್ನದು. ಈ ವಿಷಯದಲ್ಲಿ ನಮಗೆ ಯಾವತ್ತೂ ಜಗಳವಾಗಲಿಲ್ಲ.

ಅವಳು ಈಗ ದೂರದ ಊರಿನಲ್ಲಿ ಓದುತ್ತಿದ್ದಾಳೆ. ಕಳೆದ ವಾರ ರಾತ್ರಿ ಫೋನ್ ಮಾಡಿದಳು. ಮರುದಿನ ಪರೀಕ್ಷೆ. ಫೋನನ್ನು ಪಕ್ಕದಲ್ಲಿಟ್ಟು ಮೊಟ್ಟೆ ಸಕ್ಕರೆ ಬೀಸುತ್ತಿದ್ದಳು, ತಂತಿಯ ಕಡಗೋಲು ಬಟ್ಟಲಿಗೆ ತಾಗುವ ಸದ್ದು ಕೇಳುತ್ತಿತ್ತು.

“ಅಮ್ಮಾ, ಇನ್ನೂ ಹರಳು ಸಿಗುತ್ತಿದೆ.”

“ಎಷ್ಟು?”

“ಅಲ್ಲೊಂದು ಇಲ್ಲೊಂದು.”

“ಇನ್ನೊಂದು ನಿಮಿಷ.”

ಕಡಗೋಲಿನ ಸದ್ದು ಮತ್ತೆ ಶುರುವಾಯಿತು. ನಾನು ಮಾತಾಡಲಿಲ್ಲ, ಅವಳೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಟ್ಟೆಯನ್ನು ಕುಟ್ಟಿದ್ದು ಕೇಳಿಸಿತು, ಒಂದು, ಎರಡು, ಮೂರು. ಓವನ್ನಿನ ಬಾಗಿಲು ಮುಚ್ಚಿತು. ಓದುವುದಿದೆ ಎಂದು ಅವಳು ಫೋನ್ ಇಟ್ಟಳು. ನಾನು ನನ್ನ ಗಡಿಯಾರದಲ್ಲೂ 22 ನಿಮಿಷಕ್ಕೆ ಗಂಟೆ ಇಟ್ಟುಕೊಂಡೆ.